ಮನೆಯ ಕೀಲಿಯನ್ನು ಯಾರ ಕೈಗೆ ಕೊಡುತ್ತೀರಿ?

ಸಿಡ್ನಿಯ ಪಶ್ಚಿಮ ಹೊರವಲಯದಲ್ಲಿ ಒಂದು ಬಾಡಿಗೆ ಕೋಣೆ. ಸಂಜೆ ಆರು ಗಂಟೆ. ಮೇಜಿನ ಸುತ್ತ ಎಂಟು ಕುರ್ಚಿ, ನಡುವೆ ಒಂದು ತಟ್ಟೆ ಸ್ಯಾಂಡ್‌ವಿಚ್, ಪ್ರತಿಯೊಬ್ಬರ ಮುಂದೆ ಒಂದು ಬಿಳಿ ಹಾಳೆ ಮತ್ತು ಪೆನ್ಸಿಲ್. ಎಲ್ಲರೂ ಕೆಲಸ ಮುಗಿಸಿ ನೇರವಾಗಿ ಬಂದವರು. ಎಲೆಕ್ಟ್ರಿಷಿಯನ್ ಕಿತ್ತಳೆ ಬಣ್ಣದ ಸುರಕ್ಷತಾ ಅಂಗಿಯನ್ನು ಇನ್ನೂ ಕಳಚಿಲ್ಲ. ವೃದ್ಧರ ಆರೈಕೆ ಕೇಂದ್ರದ ದಾದಿ ಬೂಟಿನೊಳಗೇ ಕಾಲ್ಬೆರಳು ಆಡಿಸುತ್ತಾ ನೋವು ಕಳೆದುಕೊಳ್ಳುತ್ತಿದ್ದಾರೆ. ಮತದಾರರನ್ನು ಹೀಗೆ ಸಣ್ಣ ಗುಂಪುಗಳಲ್ಲಿ ಕೂರಿಸಿ ಅವರ ಮನಸ್ಸು ಕೇಳುವುದು ನನ್ನ ವೃತ್ತಿ. ಮಾತು ಶುರುವಾಗುವ ಮೊದಲೇ ನಾನು ಬರೆಸುತ್ತೇನೆ. ಗಟ್ಟಿ ದನಿಯವರೊಬ್ಬರು ಬಾಯಿ ತೆರೆದರೆ ಸಾಕು, ಉಳಿದ ಏಳು ಮಂದಿಯ ಅಭಿಪ್ರಾಯ ಅತ್ತ ವಾಲಿಬಿಡುತ್ತದೆ.

ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಆಸ್ಟ್ರೇಲಿಯಾದ ಮುಂದಿನ ನಾಯಕ ಹೇಗಿರಬೇಕು? ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ. ಪ್ರಾಮಾಣಿಕರಾಗಿರಬೇಕು, ದೃಢವಾಗಿರಬೇಕು, ದೂರದೃಷ್ಟಿ ಇರಬೇಕು, ನಮ್ಮಂಥವರ ಕಷ್ಟ ಗೊತ್ತಿರಬೇಕು. ಆ ಹಾಳೆಗಳನ್ನು ನಾನು ಗೌರವದಿಂದಲೇ ಪಕ್ಕಕ್ಕಿಡುತ್ತೇನೆ. ಅವು ಸುಳ್ಳಲ್ಲ. ಆದರೆ ಅಳಿಯ ಹೇಗಿರಬೇಕು ಎಂದು ಹೆಣ್ಣು ಹೆತ್ತವರನ್ನು ಕೇಳಿದಂತೆ ಅದು. ಕುಡುಕನಾಗಿರಲಿ, ಸೋಮಾರಿಯಾಗಿರಲಿ ಎಂದು ಯಾರು ತಾನೇ ಹೇಳುತ್ತಾರೆ?

ಎರಡನೆಯ ಪ್ರಶ್ನೆಗೆ ಕೆಲವು ನಾಯಕರ ಚಿತ್ರಗಳನ್ನು ಮೇಜಿನ ಮೇಲೆ ಹರಡುತ್ತೇನೆ. ನೀವು ಎರಡು ವಾರ ಊರಲ್ಲಿರುವುದಿಲ್ಲ. ಇವರಲ್ಲಿ ಯಾರ ಕೈಗೆ ಮನೆಯ ಕೀಲಿ ಕೊಟ್ಟು ಹೋಗುತ್ತೀರಿ? ಪೆನ್ಸಿಲ್‌ಗಳು ನಿಲ್ಲುತ್ತವೆ. ಜನ ನಿಜವಾಗಿ ಯೋಚಿಸತೊಡಗುವುದು ಆಗಲೇ. ಒಬ್ಬ ನಾಯಕನ ಜೊತೆ ಕೂತು ಬಿಯರ್ ಕುಡಿಯಲು ಎಲ್ಲರಿಗೂ ಇಷ್ಟ, ಕೀಲಿ ಕೊಡಲು ಮಾತ್ರ ಯಾರೂ ತಯಾರಿಲ್ಲ. ಇನ್ನೊಬ್ಬರು ಸಪ್ಪೆ, ಮಾತಿನಲ್ಲಿ ಉಪ್ಪುಖಾರವಿಲ್ಲ. ಆದರೂ ನಾಯಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾರೆ, ಕಸದ ಡಬ್ಬಿಯನ್ನು ಸರಿಯಾದ ರಾತ್ರಿಯೇ ರಸ್ತೆಯಂಚಿಗೆ ತಂದಿಡುತ್ತಾರೆ ಎಂಬ ನಂಬಿಕೆ ಎಂಟರಲ್ಲಿ ಐದು ಮಂದಿಗೆ. ಮೊದಲ ಹಾಳೆಯಲ್ಲಿ ದೂರದೃಷ್ಟಿ ಬೇಕು ಎಂದು ಬರೆದವರೂ ಇವರೇ.

ಈ ದೇಶದ ಮತದಾರರ ಬಗ್ಗೆ ಹೊರಗಿನವರು ಮೊದಲು ತಿಳಿಯಬೇಕಾದದ್ದು ಕಡ್ಡಾಯ ಮತದಾನ. 1922ರ ಸಂಸತ್ ಚುನಾವಣೆಯಲ್ಲಿ ಮತ ಹಾಕಿದವರು ಶೇ 60ಕ್ಕೂ ಕಡಿಮೆ. 1924ರಲ್ಲಿ ಕಾನೂನು ಬಂತು, 1925ರಲ್ಲಿ ಆ ಪ್ರಮಾಣ ಶೇ 91 ದಾಟಿತು. ಸಕಾರಣವಿಲ್ಲದೆ ಸಂಸತ್ ಚುನಾವಣೆಯಲ್ಲಿ ಮತ ಹಾಕದಿದ್ದರೆ 20 ಡಾಲರ್ ದಂಡ. ಸಣ್ಣ ಮೊತ್ತವೇ, ಆದರೆ ಅದರಿಂದ ರಾಜಕೀಯದ ಸ್ವಭಾವವೇ ಬದಲಾಗಿದೆ. ಪಕ್ಷದ ಕಟ್ಟಾ ಅಭಿಮಾನಿಗಳನ್ನು ಹುರಿದುಂಬಿಸಿ ಮತಗಟ್ಟೆಗೆ ಕರೆತಂದರೆ ಇಲ್ಲಿ ಗೆಲುವು ಸಿಗುವುದಿಲ್ಲ. ಸುದ್ದಿಯನ್ನೇ ನೋಡದವರು, ಶನಿವಾರ ಮಗಳ ನೆಟ್‌ಬಾಲ್ ಪಂದ್ಯದ ನಡುವೆ ಓಡಿಬಂದು ಮತ ಹಾಕಿ ಹೋಗುವವರು, ಇವರನ್ನು ಒಲಿಸಿಕೊಳ್ಳಬೇಕು. ನನ್ನ ಎಂಟು ಕುರ್ಚಿಗಳಲ್ಲಿ ಮೂರನ್ನಾದರೂ ಇಂಥವರಿಗಾಗಿ ಮೀಸಲಿಡುತ್ತೇನೆ.

ಅದರ ಮೇಲೆ ಪ್ರಾಶಸ್ತ್ಯ ಮತ, ಅಂದರೆ ಅಭ್ಯರ್ಥಿಗಳಿಗೆ ಇಷ್ಟದ ಕ್ರಮದಲ್ಲಿ ಅಂಕಿ ಹಾಕುವುದು; ಮೊದಲ ಆಯ್ಕೆಯವರು ಹೊರಬಿದ್ದರೆ ಮತ ಮುಂದಿನ ಅಂಕಿಯವರಿಗೆ ಹೋಗುತ್ತದೆ. ಕರ್ನಾಟಕದಲ್ಲಿ ವಿಧಾನ ಪರಿಷತ್ತಿನ ಪದವೀಧರ, ಶಿಕ್ಷಕರ ಕ್ಷೇತ್ರಗಳಲ್ಲಿ ಮತ ಹಾಕಿದವರಿಗೆ ಈ ಒಂದು, ಎರಡು, ಮೂರರ ಲೆಕ್ಕ ಗೊತ್ತು. ಆಸ್ಟ್ರೇಲಿಯಾದಲ್ಲಿ ಕೆಳಮನೆಯ ಹಸಿರು ಮತಪತ್ರದಲ್ಲಿ ಪ್ರತಿ ಹೆಸರಿನ ಮುಂದೆಯೂ ಅಂಕಿ ಬರೆಯಲೇಬೇಕು. 2022ರಲ್ಲಿ ಲೇಬರ್ ಪಕ್ಷಕ್ಕೆ ಸಿಕ್ಕ ಮೊದಲ ಪ್ರಾಶಸ್ತ್ಯದ ಮತ ಶೇ 32.6 ಮಾತ್ರ, ಆದರೂ ಆಂಥೋನಿ ಆಲ್ಬನೀಸ್ ಪ್ರಧಾನಿಯಾದರು. ಮೂರರಲ್ಲಿ ಇಬ್ಬರು ಬೇರೆಯವರನ್ನು ಮೊದಲು ಬರೆದಿದ್ದರು. ಹಾಗಾಗಿ ಇಲ್ಲಿ ನಾಯಕನಾಗಬೇಕಾದವರು ನೂರು ಮಂದಿಗೆ ಪ್ರಾಣವಾಗಬೇಕಿಲ್ಲ, ಐವತ್ತೊಂದು ಮಂದಿಗೆ ಸಹ್ಯವಾದರೆ ಸಾಕು. ಕೆಲವರಿಗೆ ಇದು ಕೊರತೆಯೆಂದು ಕಾಣುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಒಂದು ಗುಂಪಿನ ಆರಾಧ್ಯದೈವವಾಗಿ ಇನ್ನೊಂದು ಗುಂಪಿಗೆ ದುಃಸ್ವಪ್ನವಾಗುವ ನಾಯಕರಿಂದ ಈ ವ್ಯವಸ್ಥೆ ದೇಶವನ್ನು ಬಹುಮಟ್ಟಿಗೆ ಕಾಪಾಡಿದೆ.

ಇನ್ನು, ಕೀಲಿ ಕೊಡುವ ನಂಬಿಕೆ ಹುಟ್ಟುವುದು ಎಲ್ಲಿಂದ? ನಾನು ಕೇಳಿಸಿಕೊಂಡ ಕಥೆಗಳಲ್ಲಿ ಮತ್ತೆ ಮತ್ತೆ ಬರುವುದು, ಕಷ್ಟಕಾಲದಲ್ಲಿ ಬಂದು ನಿಲ್ಲುವುದು. 2019ರ ಡಿಸೆಂಬರ್‌ನಲ್ಲಿ ನ್ಯೂ ಸೌತ್ ವೇಲ್ಸ್ ಕಾಳ್ಗಿಚ್ಚಿನಲ್ಲಿ ಉರಿಯುತ್ತಿದ್ದಾಗ ಪ್ರಧಾನಿ ಸ್ಕಾಟ್ ಮಾರಿಸನ್ ಕುಟುಂಬದೊಂದಿಗೆ ಹವಾಯಿಗೆ ರಜೆಗೆ ಹೋಗಿದ್ದರು. ವಿಷಯ ಬಯಲಾದ ಮೇಲೆ ರೇಡಿಯೊದಲ್ಲಿ ಅವರು ಹೇಳಿದ್ದು, ನೀರಿನ ಪೈಪು ಹಿಡಿಯುವವನು ನಾನಲ್ಲವಲ್ಲ ಎಂಬ ಅರ್ಥದ ಮಾತು. ಆಡಳಿತದ ಲೆಕ್ಕದಲ್ಲಿ ಅದು ನಿಜ. ಬೆಂಕಿ ನಂದಿಸುವುದು ರಾಜ್ಯಗಳ ಹೊಣೆ. ಆದರೆ ಸಾವಿನ ಮನೆಗೆ ಹೋಗುವವರು ಸತ್ತವರನ್ನು ಬದುಕಿಸಲು ಹೋಗುವುದಿಲ್ಲ. ಹೋಗದೇ ಉಳಿದವರನ್ನು ಆ ಮನೆಯವರು ಜನ್ಮವಿಡೀ ನೆನಪಿಟ್ಟುಕೊಳ್ಳುತ್ತಾರೆ. ಆ ಬೇಸಿಗೆಯಲ್ಲಿ 33 ಜನ ಸತ್ತರು, 3,000ಕ್ಕೂ ಹೆಚ್ಚು ಮನೆಗಳು ಬೂದಿಯಾದವು. 2020ರ ಜನವರಿ 2ರಂದು ಮಾರಿಸನ್ ಕೊಬಾರ್ಗೊ ಎಂಬ ಸುಟ್ಟ ಊರಿಗೆ ಹೋದರು. ಕೈಕುಲುಕಲು ಒಪ್ಪದ ಯುವತಿಯ ಕೈಯನ್ನು ಅವರೇ ಎತ್ತಿ ಹಿಡಿದ ದೃಶ್ಯವನ್ನು ದೇಶವೆಲ್ಲ ನೋಡಿತು. 2022ರಲ್ಲಿ ಅವರ ಸರ್ಕಾರ ಸೋಲಲು ಕಾರಣಗಳು ಹಲವಿದ್ದವು. ಆದರೆ ನನ್ನ ಮೇಜಿನ ಸುತ್ತ ಕೂತವರು ತೆರಿಗೆಯ ವಿಷಯ ಮಾತಾಡುತ್ತಾ ಮಾತಾಡುತ್ತಾ ಆ ಕೈಗೇ ಬಂದು ನಿಲ್ಲುತ್ತಿದ್ದರು.

ಹಾಗಾದರೆ ಬಂದು ನಿಂತರೆ ಸಾಕೇ? ಸಾಲದು ಎನ್ನಲು ಕ್ವೀನ್ಸ್‌ಲ್ಯಾಂಡ್ ಉದಾಹರಣೆ ಇದೆ. 2011ರ ಜನವರಿಯಲ್ಲಿ ಬ್ರಿಸ್ಬೇನ್ ಪ್ರವಾಹದಲ್ಲಿ ಮುಳುಗಿದಾಗ ರಾಜ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂತೆ) ಆನಾ ಬ್ಲೈ ದಿನದಿನವೂ ಜನರ ಮುಂದೆ ನಿಂತು ಸ್ಪಷ್ಟವಾದ ಮಾಹಿತಿ ಕೊಟ್ಟರು. ನಾವು ಕ್ವೀನ್ಸ್‌ಲ್ಯಾಂಡಿನವರು ಎನ್ನುತ್ತಾ ಅವರ ಗಂಟಲು ಕಟ್ಟಿದಾಗ ಅವರನ್ನು ವಿರೋಧಿಸುತ್ತಿದ್ದವರ ಕಣ್ಣೂ ಒದ್ದೆಯಾಗಿತ್ತು. ಜನಪ್ರಿಯತೆ ಏರಿತು. ಆದರೂ 2012ರ ಮಾರ್ಚ್‌ನಲ್ಲಿ ಅವರ ಪಕ್ಷಕ್ಕೆ 89 ಸ್ಥಾನಗಳಲ್ಲಿ ಉಳಿದದ್ದು ಏಳು. 2009ರ ಚುನಾವಣೆಯಲ್ಲಿ ಬಾಯಿ ಬಿಡದೆ ಗೆದ್ದು, ಕೆಲವೇ ತಿಂಗಳಲ್ಲಿ ಸರ್ಕಾರಿ ಆಸ್ತಿಗಳ ಮಾರಾಟ ಘೋಷಿಸಿದ್ದನ್ನು ಜನ ಮರೆತಿರಲಿಲ್ಲ. ಪ್ರವಾಹದಲ್ಲಿ ಜೊತೆ ನಿಂತದ್ದಕ್ಕೆ ಕೃತಜ್ಞತೆ ಒಂದು ಕಡೆ, ಕೊಟ್ಟ ಮಾತಿನ ಲೆಕ್ಕ ಇನ್ನೊಂದು ಕಡೆ. ಎರಡನ್ನೂ ಬೇರೆ ಬೇರೆ ಪುಟದಲ್ಲಿ ಬರೆದಿಟ್ಟುಕೊಂಡಿದ್ದರು.

ಕೊಟ್ಟ ಮಾತಿನ ವಿಷಯವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ರಾಜಕಾರಣಿಗಳ ಸಲಹೆಗಾರರು ಹೆಚ್ಚಾಗಿ ಎಡವುವುದು ಇಲ್ಲಿ. ಮಾತು ಬದಲಿಸಿದರೆ ಮತದಾರ ಕ್ಷಮಿಸುವುದೇ ಇಲ್ಲ ಎಂದು ಅವರು ನಂಬುತ್ತಾರೆ. ಜಾನ್ ಹೋವರ್ಡ್ 1995ರಲ್ಲಿ ಜಿಎಸ್‌ಟಿ ಎಂದೆಂದಿಗೂ ಇಲ್ಲ ಎಂದಿದ್ದರು. ಪ್ರಧಾನಿಯಾದ ಮೇಲೆ ಮನಸ್ಸು ಬದಲಿಸಿದರು, ಆದರೆ ಸದ್ದಿಲ್ಲದೆ ತರಲಿಲ್ಲ. ಅದನ್ನೇ ಮುಂದಿಟ್ಟುಕೊಂಡು 1998ರ ಚುನಾವಣೆಗೆ ಹೋದರು. ಕೂದಲೆಳೆಯಲ್ಲಿ ಗೆದ್ದರು. 2000ದ ಜುಲೈ 1ರಂದು ಜಿಎಸ್‌ಟಿ ಬಂತು, 2001ರಲ್ಲಿ ಅವರು ಮತ್ತೆ ಗೆದ್ದರು. ಪ್ರಧಾನಿ ಜೂಲಿಯಾ ಗಿಲ್ಲಾರ್ಡ್ ತಮ್ಮ ಸರ್ಕಾರದಲ್ಲಿ ಇಂಗಾಲದ ತೆರಿಗೆ ಇರುವುದಿಲ್ಲವೆಂದು 2010ರಲ್ಲಿ ಹೇಳಿ, 2012ರಲ್ಲಿ ಇಂಗಾಲಕ್ಕೆ ಬೆಲೆ ಕಟ್ಟಿದರು. ವಿರೋಧ ಪಕ್ಷದ ನಾಯಕರಾಗಿದ್ದ ಟೋನಿ ಅಬಾಟ್ 2013ರ ಮತದಾನದ ಹಿಂದಿನ ರಾತ್ರಿ ಶಿಕ್ಷಣ, ಆರೋಗ್ಯ, ಸಾರ್ವಜನಿಕ ಪ್ರಸಾರ ಯಾವುದಕ್ಕೂ ಕತ್ತರಿ ಇಲ್ಲವೆಂದು ಹೇಳಿ, ಪ್ರಧಾನಿಯಾಗಿ 2014ರ ಬಜೆಟ್‌ನಲ್ಲಿ ಕತ್ತರಿ ಹಾಕಿದರು. ಆ ಇಬ್ಬರೂ ಚೇತರಿಸಿಕೊಳ್ಳಲಿಲ್ಲ. ಹೋವರ್ಡ್ ಮೊದಲು ಬಂದು ಕೇಳಿದ್ದರು, ಇವರು ಕೇಳಲಿಲ್ಲ. ಗಿಲ್ಲಾರ್ಡ್ ಅವರ ವಿಷಯದಲ್ಲಿ ಇನ್ನೊಂದು ಮಾತನ್ನೂ ಹೇಳಲೇಬೇಕು: ಗಂಡಸಿನಲ್ಲಿ ದೃಢತೆ ಎನಿಸಿಕೊಳ್ಳುವ ಗುಣ ಹೆಂಗಸಿನಲ್ಲಿ ಕಂಡಾಗ ಅದನ್ನು ಒರಟುತನ ಎಂದು ಬರೆದ ಹಾಳೆಗಳನ್ನು ನಾನು ಎಷ್ಟೋ ಓದಿದ್ದೇನೆ. ಬರೆದವರಲ್ಲಿ ಹೆಂಗಸರೂ ಇದ್ದರು. ಅದು ನನ್ನನ್ನು ಇಂದಿಗೂ ನೋಯಿಸುತ್ತದೆ.

2024ರ ಜನವರಿಯಲ್ಲಿ ಆಲ್ಬನೀಸ್ ಕೂಡ ಮಾತು ಮುರಿದರು. ಹಿಂದಿನ ಸರ್ಕಾರದ ತೆರಿಗೆ ಕಡಿತವನ್ನು ಹಾಗೆಯೇ ಉಳಿಸುತ್ತೇನೆ ಎಂದಿದ್ದವರು, ಸಿರಿವಂತರ ಪಾಲನ್ನು ತಗ್ಗಿಸಿ ವರ್ಷಕ್ಕೆ ಸುಮಾರು 1,46,000 ಡಾಲರ್‌ವರೆಗೆ ಗಳಿಸುವವರ ಪಾಲನ್ನು ಹೆಚ್ಚಿಸಿದರು. ದೊಡ್ಡ ದಂಗೆ ಏಳಬಹುದೆಂದು ಹಲವರು ಕಾದರು, ಏಳಲಿಲ್ಲ. ಅವರು ಮುಂಚೆ ಕೇಳಿರಲಿಲ್ಲ ನಿಜ. ಆದರೆ ಬದಲಿಸಿದ್ದೇನೆ, ಕಾರಣ ಬೆಲೆಯೇರಿಕೆ ಎಂದು ನೇರವಾಗಿ ಹೇಳಿದರು, ಬದಲಾವಣೆಯಿಂದ ಬಹುಪಾಲು ಜನರ ಜೇಬು ಸ್ವಲ್ಪ ತುಂಬಿತು. ಇದರಲ್ಲಿ ಯಾವುದು ಹೆಚ್ಚು ಕೆಲಸ ಮಾಡಿತು ಎಂದರೆ, ಜೇಬೇ ಎನ್ನುತ್ತೇನೆ.

ತಿಳಿಯದಿರುವುದನ್ನು ಜನ ಬೇಗ ಮನ್ನಿಸುತ್ತಾರೆ. 2022ರ ಪ್ರಚಾರದ ಮೊದಲ ದಿನ ಆಲ್ಬನೀಸ್ ಅವರಿಗೆ ನಿರುದ್ಯೋಗದ ಪ್ರಮಾಣವೂ ಗೊತ್ತಿರಲಿಲ್ಲ, ರಿಸರ್ವ್ ಬ್ಯಾಂಕಿನ ಬಡ್ಡಿದರವೂ ಗೊತ್ತಿರಲಿಲ್ಲ. ಕಥೆ ಮುಗಿಯಿತು ಎಂದರು ಪತ್ರಕರ್ತರು. ಅಂದೇ ತಪ್ಪು ಒಪ್ಪಿಕೊಂಡರು. ಆರು ವಾರಗಳ ನಂತರ ಗೆದ್ದರು. ಅದೇ ರೀತಿ ‘ದೃಢ ನಾಯಕ’ ಎಂಬ ಮಾತನ್ನೂ ಜನ ಬರೆದ ಅರ್ಥದಲ್ಲೇ ಓದಬೇಕು. ವಿರೋಧ ಪಕ್ಷದ ನಾಯಕರಾಗಿದ್ದ ಪೀಟರ್ ಡಟನ್ ಗಟ್ಟಿಗರೆಂದು ಹೆಸರಾದವರು. ಸರ್ಕಾರಿ ನೌಕರರು ಮನೆಯಿಂದ ಕೆಲಸ ಮಾಡುವುದನ್ನು ನಿಲ್ಲಿಸುತ್ತೇವೆ ಎಂಬ ಅವರ ಯೋಜನೆ ಖಾಸಗಿ ಕೆಲಸದಲ್ಲಿರುವ ತಾಯಂದಿರ ಕಿವಿಗೂ ತಮ್ಮ ಮನೆಯ ವಿಷಯವಾಗಿಯೇ ಬಿತ್ತು. ಪ್ರಚಾರದ ನಡುವೆಯೇ ಅದನ್ನು ಹಿಂಪಡೆದರು. 2025ರ ಮೇ 3ರಂದು ಪಕ್ಷವೂ ಸೋತಿತು, ಅವರೂ ತಮ್ಮ ಕ್ಷೇತ್ರ ಡಿಕ್ಸನ್‌ನಲ್ಲಿ ಸೋತರು. ನನ್ನ ಹಾಳೆಗಳಲ್ಲಿ ದೃಢ ಎಂದು ಬರೆದವರಿಗೆ ಬೇಕಿದ್ದದ್ದು ತಮ್ಮ ಪರವಾಗಿ ದೊಡ್ಡವರ ಎದುರು ನಿಲ್ಲುವ ದೃಢತೆ. ಸೂಪರ್‌ಮಾರ್ಕೆಟ್‌ನ ಎದುರು, ವಿದ್ಯುತ್ ಕಂಪನಿಯ ಎದುರು.

ಪಶ್ಚಿಮ ಸಿಡ್ನಿಯ ಫೌಲರ್ ಕ್ಷೇತ್ರದ ಕಥೆಯನ್ನು ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. 1984ರಲ್ಲಿ ಹುಟ್ಟಿದಾಗಿನಿಂದ ಅದು ಲೇಬರ್ ಪಕ್ಷದ ಭದ್ರಕೋಟೆಯಾಗಿತ್ತು. ಅಲ್ಲಿನ ಕ್ಯಾಬ್ರಮಟ್ಟಾದ ಬೀದಿಗಳಲ್ಲಿ ವಿಯೆಟ್ನಾಮಿನ ಅಂಗಡಿಗಳ ಸಾಲು. 2021ರ ಕೋವಿಡ್ ಅಲೆಯಲ್ಲಿ ಆ ಭಾಗಕ್ಕೆ ಉಳಿದ ಸಿಡ್ನಿಗಿಂತ ಬಿಗಿಯಾದ ನಿರ್ಬಂಧ ಹೇರಿ, ಬೀದಿಗೆ ಸೈನಿಕರನ್ನೂ ಇಳಿಸಿದ್ದರು. ಮರುವರ್ಷದ ಚುನಾವಣೆಗೆ ಲೇಬರ್ ಪಕ್ಷ ಸ್ಥಳೀಯ ವಕೀಲೆ ಟು ಲೆ ಅವರನ್ನು ಬಿಟ್ಟು, ಸಿಡ್ನಿಯದೇ ಉತ್ತರದ ಕಡಲತೀರದ ಕಡೆಯ ದ್ವೀಪವೊಂದರಲ್ಲಿ ವಾಸವಿದ್ದ ಮಾಜಿ ಪ್ರೀಮಿಯರ್ ಕ್ರಿಸ್ಟಿನಾ ಕೆನೀಲಿ ಅವರಿಗೆ ಟಿಕೆಟ್ ಕೊಟ್ಟಿತು. ಅನುಭವದಲ್ಲಿ, ಹೆಸರಿನಲ್ಲಿ ಕೆನೀಲಿ ದೊಡ್ಡವರು. ಗೆದ್ದವರು ಮಾತ್ರ ಬಾಲ್ಯದಲ್ಲಿ ನಿರಾಶ್ರಿತರಾಗಿ ಬಂದು, ಫೇರ್‌ಫೀಲ್ಡ್ ನಗರಸಭೆಯಲ್ಲಿ ದುಡಿದಿದ್ದ ಪಕ್ಷೇತರ ಅಭ್ಯರ್ಥಿ ಡಾಯ್ ಲೆ. 2025ರಲ್ಲಿ ಪಕ್ಷ ತಪ್ಪು ತಿದ್ದಿಕೊಂಡು ಟು ಲೆ ಅವರನ್ನೇ ನಿಲ್ಲಿಸಿತು. ಆಗಲೂ ಡಾಯ್ ಲೆ ಗೆದ್ದರು.

ಹತ್ತಿರದ ಪ್ಯಾರಮಟ್ಟಾದಲ್ಲಿ 2022ರಲ್ಲಿ ಅದೇ ಪಕ್ಷ ಹೊರಗಿನಿಂದ ಕರೆತಂದ ಆಂಡ್ರ್ಯೂ ಚಾರ್ಲ್‌ಟನ್ ಗೆದ್ದರು, 2025ರಲ್ಲೂ ಗೆದ್ದರು. ಹಾಗಾಗಿ ಊರಿನವರೇ ಬೇಕು ಎಂಬುದು ಕಲ್ಲಿನ ಮೇಲಿನ ಗೆರೆಯಲ್ಲ. ಫೌಲರ್‌ನಲ್ಲಿ ಎದುರಿಗೆ ಊರಿನವರು ನೋಡಿದ್ದ, ಬಳಸಿದ್ದ ಇನ್ನೊಂದು ಆಯ್ಕೆ ಇತ್ತು. ಪ್ಯಾರಮಟ್ಟಾದ ಸುತ್ತಲಿನ ವೆಂಟ್‌ವರ್ತ್‌ವಿಲ್, ವೆಸ್ಟ್‌ಮೀಡ್‌ಗಳಲ್ಲಿ ಕನ್ನಡದ ಕುಟುಂಬಗಳೂ ಇವೆ. ಹಾಸನದ ಕಡೆಯಿಂದ ಬಂದು ಪೌರತ್ವ ಪಡೆದ ಹೆಣ್ಣುಮಗಳೊಬ್ಬಳು ಮೊದಲ ಸಲ ಮತ ಹಾಕುವ ಮುನ್ನ ನನ್ನನ್ನು ಕೇಳಿದ್ದು ಪಕ್ಷದ ಬಗ್ಗೆ ಅಲ್ಲ. “ಅಣ್ಣಾ, ಈ ಮನುಷ್ಯ ಕೈಗೆ ಸಿಗುತ್ತಾರೆಯೇ?” ಎಂದಳು. ತಂದೆತಾಯಿಯನ್ನು ಕರೆಸಿಕೊಳ್ಳುವ ವೀಸಾಕ್ಕೆ ಅರ್ಜಿ ಹಾಕಿ ಕಾದು ಕುಳಿತವಳು ಅವಳು. ಊರಿನಲ್ಲಿ ಬೆಳಿಗ್ಗೆ ಶಾಸಕರ ಮನೆಯ ಜಗಲಿಯಲ್ಲಿ ಅಹವಾಲು ಹಿಡಿದು ನಿಲ್ಲುತ್ತಿದ್ದ ಜನರನ್ನು ಕಂಡು ಬೆಳೆದವಳಿಗೆ ಜನಪ್ರತಿನಿಧಿ ಎಂದರೆ ಕೈಗೆ ಸಿಗುವವರು. ಇಲ್ಲಿ ಜಗಲಿಯ ಬದಲು ಕ್ಷೇತ್ರದ ಕಚೇರಿ ಇದೆ, ಇಮೇಲ್ ಇದೆ ಎಂದೆ. “ಉತ್ತರ ಬರೆಯುತ್ತಾರೆಯೇ?” ಎಂದಳು.

ಮುಂದಿನ ಸಂಸತ್ ಚುನಾವಣೆ 2028ರೊಳಗೆ ಬರಬೇಕು. 2010ರಿಂದ 2018ರ ನಡುವೆ ನಾಲ್ವರು ಹಾಲಿ ಪ್ರಧಾನಿಗಳನ್ನು ಅವರವರ ಪಕ್ಷದವರೇ ಕೆಳಗಿಳಿಸಿದ್ದರು. ನಾವು ಒಬ್ಬರಿಗೆ ಕೀಲಿ ಕೊಟ್ಟರೆ ಮನೆಯಲ್ಲಿ ಇನ್ನೊಬ್ಬರು ಇರುತ್ತಾರೆ ಎಂದು ಎಲೆಕ್ಟ್ರಿಷಿಯನ್ ಹೇಳಿದ್ದು ಅದನ್ನೇ ನೆನೆದು.

ಆ ಸಂಜೆ ಎಲ್ಲರೂ ಹೊರಟ ಮೇಲೆ ಹಾಳೆಗಳನ್ನು ಜೋಡಿಸಿಕೊಂಡೆ. ದಾದಿಯ ಹಾಳೆಯಲ್ಲಿ ಒಂದು ಹೆಸರಿನ ಸುತ್ತ ಗೆರೆ ಎಳೆದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದರು: ಕೀಲಿ ಕೊಡುತ್ತೇನೆ. ನಡುವೆ ಒಮ್ಮೆ ಫೋನ್ ಮಾಡುತ್ತೇನೆ, ಎತ್ತಬೇಕು.