ತಿದ್ದಿದ ಹೆಡ್‌ಫೋನ್ ಮೇಲೆ ಯಾರ ಹೆಸರು ಇರಬೇಕು?

ಫಾಸ್ಟೆಕ್ಸ್ ಟಿ50ಆರ್‌ಪಿ ಜಪಾನಿನ ಒಂದು ಸ್ಟುಡಿಯೋ ಹೆಡ್‌ಫೋನ್. ನೋಡೋಕೆ ಸಾದಾ ಕಪ್ಪು ಪ್ಲಾಸ್ಟಿಕ್. ಆದರೆ ಬಿಚ್ಚಿ ತಿದ್ದುವ ಹವ್ಯಾಸ ಇರುವವರಿಗೆ ಇದೆಂದರೆ ಪ್ರಾಣ. ಕಿವಿಯ ದಿಂಬು ತೆಗೆದು ಸ್ಕ್ರೂ ಬಿಚ್ಚಿದರೆ ಚಪ್ಪಟೆ ಡ್ರೈವರ್, ಅಂದರೆ ದನಿ ಹೊರಡಿಸುವ ಭಾಗ, ಕಾಣುತ್ತದೆ. ಅದರ ಹಿಂದಿನ ಬಟ್ಟಲಿನ ಒಳಗೋಡೆಗೆ ಮಕ್ಕಳು ಆಡುವ ಕ್ಲೇ ಮೆತ್ತುತ್ತಾರೆ. ಒಂದಿಷ್ಟು ಹತ್ತಿ ತುಂಬುತ್ತಾರೆ. ಗಾಳಿ ಕಿಂಡಿಗೆ ಟೇಪ್ ಅಂಟಿಸಿ, ದಪ್ಪ ದಿಂಬು ಹಾಕುತ್ತಾರೆ. ಡ್ರೈವರ್ ಅದೇ, ದನಿ ಮಾತ್ರ ಬೇರೆ.

ಅಮೆರಿಕದ ಮಿಸ್ಟರ್‌ಸ್ಪೀಕರ್ಸ್ ಇದನ್ನೇ ತಿದ್ದಿ 'ಮ್ಯಾಡ್ ಡಾಗ್' ಎಂಬ ಹೆಸರಲ್ಲಿ ಮಾರಿತು. ಝಡ್‌ಎಂಎಫ್ ಎಂಬ ಇನ್ನೊಂದು ಕಂಪನಿ ಶುರುವಾಗಿದ್ದೂ ಹೀಗೇ. ಮುಂದೆ ಎರಡೂ ಸ್ವಂತ ಹೆಡ್‌ಫೋನ್ ಮಾಡುವ ಕಂಪನಿಗಳಾದವು.

ಹಾಗಾದರೆ ಇದು ಕಾನೂನಿಗೆ ಸರಿಯಾ? ದುಡ್ಡು ಕೊಟ್ಟು ತಂದ ಹೆಡ್‌ಫೋನನ್ನು ನಿಮ್ಮ ಮನೆಯಲ್ಲಿ ಬಿಚ್ಚಿದರೆ ಯಾರೂ ಕೇಳುವ ಹಾಗಿಲ್ಲ. ತಕರಾರು ಬರುವುದು ಅದನ್ನು ಮಾರುವಾಗ, ಅದೂ ಬಟ್ಟಲಿನ ಮೇಲಿನ ಹೆಸರಿನ ವಿಷಯಕ್ಕೆ.

ಈ ಜಗಳ ಹೆಡ್‌ಫೋನ್‌ಗಿಂತ ಹಳೆಯದು, ಮುಖಕ್ಕೆ ಹಚ್ಚುವ ಪೌಡರ್‌ನಷ್ಟು ಹಳೆಯದು. ಅಮೆರಿಕದ ಪ್ರೆಸ್ಟನೆಟ್ಸ್ ಎಂಬ ಕಂಪನಿ ಕೋಟಿ ಬ್ರ್ಯಾಂಡಿನ ಪೌಡರ್ ಕೊಂಡು, ಅಂಟು ಸೇರಿಸಿ ಬಿಲ್ಲೆ ಮಾಡಿ, ಪುಟ್ಟ ಡಬ್ಬಿಯಲ್ಲಿಟ್ಟು ಮಾರುತ್ತಿತ್ತು. 1924ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ತಡೆಯಲಿಲ್ಲ. ನಮಗೂ ಕೋಟಿಗೂ ಸಂಬಂಧವಿಲ್ಲ, ಅವರ ಪೌಡರ್‌ಗೆ ನಮ್ಮ ಅಂಟು ಸೇರಿಸಿ ಮಾಡಿದ್ದೇವೆ ಎಂದು ಲೇಬಲ್‌ನಲ್ಲಿ ಬರೆದರೆ ಸಾಕು ಎಂದಿತು. ನಿಜ ಹೇಳೋಕೆ ಬ್ರ್ಯಾಂಡ್ ಹೆಸರು ಬಳಸಬಹುದು ಎಂಬುದು ಆ ತೀರ್ಪು ಬರೆದ ನ್ಯಾಯಮೂರ್ತಿ ಹೋಮ್ಸ್ ನಿಲುವು. ನೂರು ವರ್ಷ ಆದರೂ ನನಗೆ ಇದಕ್ಕಿಂತ ನೇರವಾದ ಉತ್ತರ ಸಿಕ್ಕಿಲ್ಲ.

1947ರಲ್ಲಿ ಚಾಂಪಿಯನ್ ಸ್ಪಾರ್ಕ್ ಪ್ಲಗ್ ಸರದಿ. ಹಳೇ ಪ್ಲಗ್‌ಗಳನ್ನು ರಿಪೇರಿ ಮಾಡಿ ಮಾರುತ್ತಿದ್ದವರು ಚಾಂಪಿಯನ್ ಹೆಸರನ್ನು ಹಾಗೇ ಉಳಿಸಿಕೊಳ್ಳಬಹುದು, ಆದರೆ ಪ್ಲಗ್ ಮೇಲೆ 'ರಿಪೇರಿ ಆಗಿದ್ದು' ಅಥವಾ 'ಬಳಸಿದ್ದು' ಎಂದು ಕಾಣುವ ಹಾಗೆ ಇರಬೇಕು ಎಂದಿತು ಕೋರ್ಟ್. ಜೊತೆಗೆ ಒಂದು ಎಚ್ಚರಿಕೆ: ವಸ್ತು ತೀರಾ ಬದಲಾಗಿದ್ದರೆ ಹಳೇ ಹೆಸರೇ ತಪ್ಪಾಗುತ್ತದೆ. 1999ರ ರೋಲೆಕ್ಸ್ ಕೇಸಿನಲ್ಲಿ ಆಗಿದ್ದು ಅದೇ. ಬೇರೆಯವರ ಡಯಲ್, ಬೇರೆಯವರ ಚೈನು ಹಾಕಿದ ವಾಚಿಗೆ ರೋಲೆಕ್ಸ್ ಗುರುತು ಉಳಿಸುವ ಹಾಗಿಲ್ಲ ಎಂದಾಯಿತು.

ಇನ್ನು ನಮ್ಮ ದೇಶದ ಕಥೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 30ನೇ ಸೆಕ್ಷನ್ನಿನಲ್ಲಿ ಎರಡು ಮಾತಿವೆ. ನ್ಯಾಯವಾಗಿ ಕೊಂಡ ಮಾಲನ್ನು ಮತ್ತೆ ಮಾರಬಹುದು, ಇದು ಮೂರನೇ ಉಪಸೆಕ್ಷನ್. ಸರಿಯಾದ ಕಾರಣ ಇದ್ದರೆ, ಅದರಲ್ಲೂ ಮಾಲಿನ ಸ್ಥಿತಿ ಬದಲಾಗಿದ್ದರೆ ಅಥವಾ ಕೆಟ್ಟಿದ್ದರೆ, ಕಂಪನಿ ಅಡ್ಡ ಬರಬಹುದು, ಇದು ನಾಲ್ಕನೆಯದು. ಹೆಡ್‌ಫೋನ್ ತಿದ್ದುವವರು ಸಿಕ್ಕಿಬೀಳಬಹುದಾದ ಜಾಗ ಈ ನಾಲ್ಕನೆಯದೇ.

2012ರಲ್ಲಿ ಸ್ಯಾಮ್‌ಸಂಗ್ ಪ್ರಿಂಟರ್ ಕೇಸು ಬಂತು. ವಿದೇಶದಲ್ಲಿ ಕೊಂಡ ಅಸಲಿ ಪ್ರಿಂಟರ್ ಇಲ್ಲಿ ತಂದು ಮಾರಬಹುದು, ಆದರೆ ಸ್ಯಾಮ್‌ಸಂಗ್ ವಾರಂಟಿ ಇಲ್ಲ ಎಂದು ಗಿರಾಕಿಗೆ ತಿಳಿಸಬೇಕು ಎಂದು ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಹೇಳಿತು.

ಹೆಡ್‌ಫೋನ್ ವಿಷಯಕ್ಕೆ ಹೆಚ್ಚು ಹತ್ತಿರ ಇರುವುದು ಅದೇ ಕೋರ್ಟಿನ 2024ರ ತೀರ್ಪು. ಸೀಗೇಟ್, ವೆಸ್ಟರ್ನ್ ಡಿಜಿಟಲ್ ಕಂಪನಿಗಳ ಹಳೇ ಹಾರ್ಡ್ ಡಿಸ್ಕ್ ತರಿಸಿ, ಒರೆಸಿ ಸರಿಮಾಡಿ, ಅಸಲಿ ಹೆಸರು ಕಿತ್ತು ತಮ್ಮ ಸ್ಟಿಕ್ಕರ್ ಅಂಟಿಸಿ ಮಾರುತ್ತಿದ್ದವರ ಕೇಸು ಅದು. ಹೆಸರು ಕಿತ್ತುಬಿಟ್ಟರೆ ತಂಟೆ ಇಲ್ಲ ಅಂತ ಬಹಳ ಜನ ಅಂದುಕೊಂಡಿದ್ದಾರೆ, ಅಲ್ವಾ? ಕೋರ್ಟ್ ಹಾಗೆ ನೋಡಲಿಲ್ಲ. ಮಾರಾಟಕ್ಕೆ ಒಪ್ಪಿತು, ಆದರೆ ಷರತ್ತು ಹಾಕಿತು. ಮೂಲ ಡಿಸ್ಕ್ ತಯಾರಿಸಿದ ಕಂಪನಿ ಯಾವುದೆಂದು ಪ್ಯಾಕಿನ ಮೇಲೆ ಅಕ್ಷರದಲ್ಲಿ ಹೇಳಬೇಕು, ಅವರ ಲೋಗೋ ಬಳಸಬಾರದು. ಬಳಸಿ ಸರಿಪಡಿಸಿದ್ದು ಎಂದು ಇರಬೇಕು. ಅಸಲಿ ಕಂಪನಿಯ ವಾರಂಟಿ ಇಲ್ಲ ಎಂದೂ ಇರಬೇಕು.

ನನಗೆ ಈ ತೀರ್ಪು ತುಂಬಾ ಹಿಡಿಸಿತು. ರಿಪೇರಿಯವನ ಹೊಟ್ಟೆಪಾಡೂ ಉಳಿಯಿತು, ಕೊಳ್ಳುವವನಿಗೂ ಮೋಸ ಇಲ್ಲ. ಟಿ50ಆರ್‌ಪಿ ತಿದ್ದಿ ಮಾರುವವರ ಚೀಟಿಯಲ್ಲೂ ಇಷ್ಟು ಇರಲಿ: ಮೂಲ ಫಾಸ್ಟೆಕ್ಸ್ ಟಿ50ಆರ್‌ಪಿ, ಒಳಗೆ ಕ್ಲೇ ಮತ್ತು ಹತ್ತಿ, ದಿಂಬು ಬೇರೆಯವರದು, ತಿದ್ದಿದವರು ನಾವು, ಫಾಸ್ಟೆಕ್ಸ್ ವಾರಂಟಿ ಇಲ್ಲ.