ಟಿಕೆಟ್ ದುಡ್ಡು ಕೈಯಿಂದ ಕೈಗೆ: ಪ್ರಕಾರ್ಯವಾದದ ಟಿಪ್ಪಣಿ

ಸಂಜೆ ಆರರ ಹೊತ್ತು. ಮೆಜೆಸ್ಟಿಕ್‌ನಿಂದ ಹೊರಟ ಬಿಎಂಟಿಸಿ ಬಸ್ಸಿನಲ್ಲಿ ಕಾಲಿಡಲೂ ಜಾಗ ಇಲ್ಲ. ಮುಂದೆ ನಿಂತವರೊಬ್ಬರು ಐವತ್ತರ ನೋಟು ಹಿಂದಕ್ಕೆ ಕೊಟ್ಟು "ಒಂದು ಜಯನಗರ" ಅಂದರು. ನೋಟು ನಾಲ್ಕು ಕೈ ದಾಟಿ ಕಂಡಕ್ಟರ್ ಹತ್ತಿರ ಹೋಯಿತು. ಟಿಕೆಟ್ಟೂ ಚಿಲ್ಲರೆಯೂ ಅದೇ ಕೈಗಳನ್ನು ದಾಟಿ ವಾಪಸ್ ಬಂದವು. ಯಾರಿಗೂ ಯಾರ ಪರಿಚಯವೂ ಇಲ್ಲ, ಪೊಲೀಸರೂ ಇಲ್ಲ. ಆದರೂ ಯಾರೂ ಆ ದುಡ್ಡು ಜೇಬಿಗೆ ಇಳಿಸಲಿಲ್ಲ. ಯಾಕೆ?

ಸಾಮಾಜಿಕ ಸುವ್ಯವಸ್ಥೆಯ ಪ್ರಶ್ನೆ ಇದೇ. ಸಮಾಜದ ಒಂದೊಂದು ಭಾಗವೂ ಇಡೀ ಸಮಾಜ ನಡೆಯಲು ಏನು ಕೆಲಸ (ಪ್ರಕಾರ್ಯ) ಮಾಡುತ್ತದೆ ಅಂತ ನೋಡುವುದು ಪ್ರಕಾರ್ಯವಾದ. ಪ್ರಕಾರ್ಯವಾದಿಗಳ ಪ್ರಕಾರ, ಹೆದರಿಕೆಗಿಂತ ಜಾಸ್ತಿ ಕೆಲಸ ಮಾಡುವುದು ಎಲ್ಲರೂ ಒಪ್ಪಿಕೊಂಡ ಮೌಲ್ಯ. "ಬೇರೆಯವರ ದುಡ್ಡು ಮುಟ್ಟಬಾರದು" ಅಂತ ಅಮ್ಮ ಚಿಕ್ಕಂದಿನಲ್ಲಿ ಹೇಳಿದ ಮಾತು ಬೆಳೆಯುತ್ತಾ ನಮ್ಮದೇ ಮನಸ್ಸಿನ ಮಾತಾಗುತ್ತದೆ. ಇದು ಸಾಮಾಜೀಕರಣ. ಅಮೆರಿಕದ ಸಮಾಜಶಾಸ್ತ್ರಜ್ಞ ಟಾಲ್ಕಟ್ ಪಾರ್ಸನ್ಸ್ ಇದಕ್ಕೆ ತುಂಬಾ ಒತ್ತು ಕೊಟ್ಟರು. ಸಮಾಜ ಉಳಿಯಲು ಬೇಕು ಅಂತ ಅವರು ಹೇಳುವ ನಾಲ್ಕು ಅಗತ್ಯಗಳು, ಅಂದರೆ ಹೊಂದಾಣಿಕೆ, ಗುರಿಸಾಧನೆ, ಒಗ್ಗೂಡಿಕೆ, ಮೌಲ್ಯಗಳ ಉಳಿಕೆ, ಪರೀಕ್ಷೆಗೆ ನೆನಪಿರಲಿ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಕ್‌ಹೈಮ್ ಹತ್ತಿರ ಸ್ವಲ್ಪ ನಿಧಾನಿಸೋಣ. 1893ರಲ್ಲಿ ಅವರು ಶ್ರಮವಿಭಜನೆ ಬಗ್ಗೆ ಬರೆದರು. ಒಂದೇ ಕೆಲಸ, ಒಂದೇ ನಂಬಿಕೆ ಇರುವವರು ಒಟ್ಟಿಗಿರುವುದು ಯಾಂತ್ರಿಕ ಐಕಮತ್ಯ. ಬೇರೆ ಬೇರೆ ಕೆಲಸದವರು ಒಬ್ಬರನ್ನೊಬ್ಬರು ನೆಚ್ಚಿಕೊಂಡಿರುವುದು ಸಾವಯವ ಐಕಮತ್ಯ. ಯಂತ್ರ ಅಂದ ಕೂಡಲೇ ಆಧುನಿಕ ಸಮಾಜ ಅಂತ ಬರೆದುಬಿಡಬೇಡಿ, ಅದು ಉಲ್ಟಾ. 'ಅವಯವ' ಪದ ಹಿಡಿದುಕೊಳ್ಳಿ: ಹೃದಯದ ಕೆಲಸ ಬೇರೆ, ಶ್ವಾಸಕೋಶದ ಕೆಲಸ ಬೇರೆ, ಒಂದು ನಿಂತರೆ ಇನ್ನೊಂದೂ ನಿಲ್ಲುತ್ತದೆ. ಡಿಪೋದ ಮೆಕ್ಯಾನಿಕ್ ಕೈಬಿಟ್ಟರೆ ನಮ್ಮ ಬಸ್ಸೂ ಹಾಗೇ ಅಲ್ವಾ?

ಅಪರಾಧವೂ ಸಮಾಜಕ್ಕೆ ಸಹಜ ಅಂತ ಅವರೇ ಹೇಳಿದರು. ಒಳ್ಳೆಯದು ಅಂತಲ್ಲ. ಬಸ್ಸಿನಲ್ಲಿ ಜೇಬುಗಳ್ಳ ಸಿಕ್ಕಿಬಿದ್ದರೆ, ಅಷ್ಟೊತ್ತು ಸುಮ್ನೆ ನಿಂತವರೆಲ್ಲ ಒಂದೇ ದನಿಯಲ್ಲಿ ಬೈಯುತ್ತಾರೆ. ಯಾವುದು ತಪ್ಪು ಅನ್ನುವುದು ಎಲ್ಲರಿಗೂ ಮತ್ತೆ ಗಟ್ಟಿಯಾಗುತ್ತದೆ.

ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1949ರಲ್ಲಿ ವಿವರಿಸಿದ ವ್ಯಕ್ತ (ಜನ ಉದ್ದೇಶಿಸಿದ) ಮತ್ತು ಸುಪ್ತ (ಉದ್ದೇಶಿಸದೆಯೇ ಆಗುವ) ಪ್ರಕಾರ್ಯಕ್ಕೆ ನಾನು ಬರೆಯುವ ಉದಾಹರಣೆ ಬೆಂಗಳೂರು ಕರಗ. ಚೈತ್ರ ಹುಣ್ಣಿಮೆ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಡುವುದು ದ್ರೌಪದಮ್ಮನ ಮೇಲಿನ ಭಕ್ತಿಗಾಗಿ. ಅದು ವ್ಯಕ್ತ. ದಾರಿಯಲ್ಲಿ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಕರಗ ಹೋಗುತ್ತದೆ. ಹಳೇ ಪೇಟೆಯ ನೆರೆಹೊರೆ ಹೀಗೆ ಪ್ರತಿ ವರ್ಷ ಹೊಸದಾಗುವುದು ಸುಪ್ತ.

ಈ ಸಿದ್ಧಾಂತ ನನಗೆ ಸಾಲದೆನಿಸುವುದು ಅಸಮಾನತೆಯ ವಿಷಯದಲ್ಲಿ. 1945ರಲ್ಲಿ ಸಮಾಜಶಾಸ್ತ್ರಜ್ಞರಾದ ಡೇವಿಸ್ ಮತ್ತು ಮೂರ್, ಮುಖ್ಯವಾದ, ಹೆಚ್ಚು ತರಬೇತಿ ಬೇಕಾದ ಹುದ್ದೆಗೆ ಹೆಚ್ಚು ಪ್ರತಿಫಲ ಸಿಗುತ್ತದೆ, ಸಮಾಜಕ್ಕೆ ಅದು ಅಗತ್ಯ ಅಂದರು. ಬೆಳಗಿನ ಜಾವ ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕರ ಕೆಲಸ ಮುಖ್ಯ ಅಲ್ವಾ? ಒಂದು ವಾರ ನಿಂತರೆ ಊರು ನಾರುತ್ತದೆ. ಅವರು 2022ರ ಜುಲೈನಲ್ಲಿ ಕೆಲಸ ಕಾಯಂ ಮಾಡಿ ಅಂತ ಮುಷ್ಕರ ಹೂಡಿದರು. ಪ್ರಕಾರ್ಯವಾದ ಆ ಮುಷ್ಕರವನ್ನು ಸುವ್ಯವಸ್ಥೆಗೆ ಬಂದ ಅಡ್ಡಿ ಅಂತ ಓದಬಹುದು. ಸಮಾಜವನ್ನು ಅಧಿಕಾರ, ಅಸಮಾನತೆಯ ಜಗಳವಾಗಿ ನೋಡುವ ಸಂಘರ್ಷ ಸಿದ್ಧಾಂತ ಕೇಳುವುದು, ಅದುವರೆಗೆ ಆ ಸುವ್ಯವಸ್ಥೆಯ ಭಾರ ಹೊತ್ತಿದ್ದವರು ಯಾರು ಅಂತ.