ಪಿತ್ರಾರ್ಜಿತದಲ್ಲಿ ಮಗಳ ಪಾಲು: 1933ರಿಂದ 2020ರವರೆಗೆ

ಮಹಿಳಾ ಹಕ್ಕುಗಳ ಪಾಠದಲ್ಲಿ ಮತದಾನಕ್ಕೆ ಸಿಗುವಷ್ಟು ಜಾಗ ಆಸ್ತಿಗೆ ಸಿಗುವುದಿಲ್ಲ. ನನಗೆ ಮಾತ್ರ ಇದು ಬಹಳ ಮುಖ್ಯ ಅನಿಸುತ್ತದೆ. ಪಹಣಿಯಲ್ಲಿ ಹೆಸರಿದ್ದವರ ಮಾತಿಗೆ ಮನೆಯಲ್ಲಿ ತೂಕ ಜಾಸ್ತಿ, ಅಲ್ವಾ?

ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದಿತ್ತು. ಮನೆ ಪಾಲಾಗುವಾಗ ಮದುವೆಯಾಗದ ಮಗಳಿಗೆ ಅಣ್ಣನ ಪಾಲಿನ ಕಾಲು ಭಾಗ. ಕಡಿಮೆಯೇ, ನಿಜ. ಆದರೆ ಬ್ರಿಟಿಷ್ ಇಂಡಿಯಾದ 1937ರ ಕಾಯ್ದೆ ವಿಧವೆಯರಿಗೆ ಹಕ್ಕು ಕೊಟ್ಟು ಮಗಳನ್ನು ಮರೆತೇಬಿಟ್ಟಿತು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದ ಮಗಳಿಗೆ ಸಮಪಾಲು ಸಿಕ್ಕಿತು ಎಂದು ಹಲವರು ಬರೆಯುತ್ತಾರೆ. ಅಪ್ಪನ ಸ್ವಯಾರ್ಜಿತದಲ್ಲಿ ಸರಿ. ಪಿತ್ರಾರ್ಜಿತದಲ್ಲಿ ಹಾಗಲ್ಲ. ಲೆಕ್ಕ ಹಾಕಿ ನೋಡಿ: 12 ಎಕರೆ ಜಮೀನು, ತಾಯಿ ಇಲ್ಲ, ಒಬ್ಬ ಮಗ, ಒಬ್ಬ ಮಗಳು. ಅಪ್ಪ ವಿಲ್ ಬರೆಯದೆ ತೀರಿಕೊಂಡರು. ಪಿತ್ರಾರ್ಜಿತದಲ್ಲಿ ಆಗ ಹುಟ್ಟಿನಿಂದಲೇ ಹಕ್ಕು ಇದ್ದದ್ದು ಗಂಡುಮಕ್ಕಳಿಗೆ ಮಾತ್ರ; ಹಾಗಾಗಿ ಮೊದಲು ಅಪ್ಪನಿಗೂ ಮಗನಿಗೂ ತಲಾ 6 ಎಕರೆ. ಆಮೇಲೆ ಅಪ್ಪನ 6 ಎಕರೆಯನ್ನು ಅಣ್ಣ ತಂಗಿ ಹಂಚಿಕೊಳ್ಳಬೇಕು. ಕೊನೆಗೆ ಅಣ್ಣನಿಗೆ 9, ತಂಗಿಗೆ 3.

ಆಂಧ್ರ, ತಮಿಳುನಾಡುಗಳ ಹಿಂದೆಯೇ ಕರ್ನಾಟಕ 1994ರಲ್ಲಿ ಇದನ್ನು ತಿದ್ದಿತು. ಮಗಳಿಗೂ ಹುಟ್ಟಿನಿಂದಲೇ ಹಕ್ಕು. ಆದರೆ ಅಷ್ಟರೊಳಗೆ ಮದುವೆಯಾದವಳಿಗೆ ಇಲ್ಲ! ಒಂದೇ ಮನೆಯ ಅಕ್ಕನಿಗೆ ಇಲ್ಲದ ಪಾಲು ತಂಗಿಗೆ ಸಿಗುತ್ತಿತ್ತು. ಓದುವಾಗ ನನಗೆ ಅತಿ ಹೆಚ್ಚು ಬೇಸರ ತಂದ ಸಾಲು ಇದು.

ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಯಾಗಿ ಆ ಭೇದ ತೆಗೆಯಿತು. ಮೇಲಿನ ಲೆಕ್ಕ ಈಗ 6 ಮತ್ತು 6. ಆದರೂ 2015ರಲ್ಲಿ ಕರ್ನಾಟಕದಿಂದಲೇ ಹೋದ ಪ್ರಕಾಶ್–ಫೂಲಾವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಗಳಿಗೆ ಈ ಹಕ್ಕು ಸಿಗಲು 2005ರ ಆ ದಿನ ಅಪ್ಪ ಬದುಕಿರಬೇಕು ಎಂದಿತು. ವಿನೀತಾ ಶರ್ಮಾ ಪ್ರಕರಣದಲ್ಲಿ, 2020ರ ಆಗಸ್ಟ್ 11ರಂದು, ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಹಕ್ಕು ಹುಟ್ಟಿನಿಂದ ಬಂದ ಮೇಲೆ ಅಪ್ಪ ಯಾವಾಗ ತೀರಿಕೊಂಡರು ಎಂದು ಕೇಳುವುದೇಕೆ?

ಇನ್ನೊಂದು ತಾರೀಖು ಗೊಂದಲ ಮಾಡುತ್ತದೆ: 2004ರ ಡಿಸೆಂಬರ್ 20. ಅದು ಮಸೂದೆ ರಾಜ್ಯಸಭೆಗೆ ಬಂದ ದಿನ. ಅದಕ್ಕೂ ಮುಂಚೆ ನೋಂದಣಿಯಾದ ಪಾಲುಪಟ್ಟಿಯನ್ನು ಕೆದಕುವಂತಿಲ್ಲ. ಮಸೂದೆಯ ಸುದ್ದಿ ಕೇಳಿ, ಮಗಳನ್ನು ಬಿಟ್ಟು ತರಾತುರಿಯಲ್ಲಿ ಪಾಲು ಮಾಡಿಕೊಂಡವರಿಗೆ ಆ ರಕ್ಷಣೆ ಇಲ್ಲ.